ಕನ್ನಡಿಗಿಟ್ಟ ಬೊಟ್ಟು

ಹೊಸದಾಗಿ ಸೈನ್ಸ್ ಟೀಚರ್ ಆಗಿ ಸೇರಿದ ಹುಡುಗಿಯರು ಒಮ್ಮೊಮ್ಮೆ ನನ್ನನ್ನು ನೋಡಲು ಬರುತ್ತಾರೆ. ಟ್ರಾನ್ಸ್‌ಫರ್ ತಪ್ಪಿಸಿಕೊಳ್ಳುವುದು ಹೇಗೆ, ಇನ್‌ಸ್ಪೆಕ್ಷನ್ನಿಗೆ ಏನೇನು ರೆಡಿ ಇಡಬೇಕು ಎಂದೆಲ್ಲ ಕೇಳುತ್ತಾರೆ. ಅದನ್ನು ಆಫೀಸಿನ ಗುಮಾಸ್ತರು ನನಗಿಂತ ಚೆನ್ನಾಗಿ ಹೇಳಿಯಾರು. ನನಗೆ ಹೇಳಲು ಬರುವುದು ಬೇರೆಯೇ. ಒಂದು ಹಳೆಯ ಡ್ರಮ್ಮಿನ ಸುತ್ತ ಹುಡುಗಿಯರನ್ನು ಹೇಗೆ ನಡೆಸುವುದು, ಪಿಚ್ ಕರಗಿಸುವ ದಿನ ಯಾವ ಸೀರೆ ಉಡಬಾರದು, ಗಾಜು ಕಿರ್ರೆಂದರೆ ಕೈ ಎಲ್ಲಿ ನಿಲ್ಲಬೇಕು, ಇಂಥವು. ಯೂಸ್‌ಲೆಸ್ ಸಂಗತಿಗಳು ಎನ್ನಬಹುದು. ಆದರೆ ನನ್ನ ಸರ್ವಿಸ್ಸಿನಲ್ಲಿ ನೆನಪಿಟ್ಟುಕೊಳ್ಳುವಂಥದ್ದು ನಡೆದದ್ದೆಲ್ಲ ಈ ಯೂಸ್‌ಲೆಸ್ ಸಂಗತಿಗಳ ಸುತ್ತಲೇ.

ಅರವತ್ತರ ದಶಕದಲ್ಲಿ ನಾನು ದೊಡ್ಡಬಳ್ಳಾಪುರದ ಹೆಣ್ಣುಮಕ್ಕಳ ಹೈಸ್ಕೂಲಿಗೆ ಸೇರಿದಾಗ ನನ್ನ ಕನ್ನಡ ಕೇಳಿ ಮಕ್ಕಳು ಡೆಸ್ಕಿನ ಕೆಳಗೆ ತಲೆ ಹಾಕಿ ನಗುತ್ತಿದ್ದರು. ನಾನು ಬೆಂಗಳೂರು ದಂಡಿನ ಕಾನ್ವೆಂಟಿನಲ್ಲಿ ಓದಿದವಳು. ಮನೆಯಲ್ಲಿ ಅಡುಗೆಯವರ ಜೊತೆ ಬಿಟ್ಟರೆ ಕನ್ನಡ ಆಡಿದವಳಲ್ಲ. 'ಲೈಟ್ ಟ್ರಾವೆಲ್ಸ್ ಇನ್ ಸ್ಟ್ರೈಟ್ ಲೈನ್ಸ್' ಎಂದು ನಾನು ಶುರು ಮಾಡಿದರೆ ಹಿಂದಿನ ಬೆಂಚಿನಿಂದ ಒಂದು ದನಿ ಬರುತ್ತಿತ್ತು: "ಎಲ್ಲಿಗೆ ಹೋಗತ್ತೆ ಮಿಸ್?" ಸ್ಕೂಲಿನ ಎರಡೂ ಕಡೆ ಮಗ್ಗದ ಮನೆಗಳು. ಬೆಳಗಿನಿಂದ ಸಂಜೆಯವರೆಗೆ ಆ ಲಟಕ್ ಪಟಕ್ ಸದ್ದಿನ ಮೇಲೆ ನನ್ನ ದನಿ ಏರಿಸಿ ಏರಿಸಿ ಗಂಟಲು ಒಡೆದುಹೋಗಿತ್ತು.

ನಮ್ಮ ಹೆಡ್‌ಮಿಸ್ಟ್ರೆಸ್ ಶಾರದಮ್ಮನವರು. ಮದುವೆ ಮಾಡಿಕೊಂಡವರಲ್ಲ. ಸ್ಕೂಲೇ ಸಂಸಾರ. ಹಿಸ್ಟರಿ ಮತ್ತು ಕನ್ನಡ ಹೇಳುತ್ತಿದ್ದರು. ಹಣೆಯ ಮೇಲೆ ನಾಲ್ಕಾಣೆ ಅಗಲದ ಕುಂಕುಮ. ಅದು ಕಾರಿಡಾರಿನ ಆ ತುದಿಯಲ್ಲಿ ಕಂಡರೆ ಈ ತುದಿಯ ಕ್ಲಾಸು ಗಪ್‌ಚಿಪ್. ಸೇರಿದ ಮೊದಲ ವಾರವೇ ನನ್ನನ್ನು ರೂಮಿಗೆ ಕರೆಸಿ ತಲೆಯಿಂದ ಕಾಲಿನವರೆಗೆ ನೋಡಿದರು. ಕಣ್ಣು ನನ್ನ ಕೈಬೆರಳುಗಳ ಮೇಲೆ ನಿಂತಿತು.

"ಏನಮ್ಮಾ ವತ್ಸಲಾ ಇದು? ಉಗುರಿಗೆ ಪೇಂಟು?"

"ನೈಲ್ ಪಾಲಿಶ್ ಮೇಡಂ."

"ಬಾಗಿಲು ಕಿಟಕಿಗೆ ಹಚ್ತಾರೆ, ಸರಿ. ಉಗುರು ಏನು ತುಕ್ಕು ಹಿಡಿಯತ್ತಾ?" ಆಮೇಲೆ ದನಿ ಸ್ವಲ್ಪ ಇಳಿಸಿದರು. "ನಿನ್ನ ಇಂಗ್ಲಿಷ್ ಚೆನ್ನಾಗಿದೆ ಕಣಮ್ಮ. ಆದ್ರೆ ಅದು ಮಕ್ಕಳ ತಲೆ ಮೇಲಿಂದ ಹಾರಿ ವಾಪಸ್ ಬೆಂಗಳೂರಿಗೇ ಹೋಗ್ತಾ ಇದೆ. ಕೈಗೆ ಸಿಗೋ ಹಾಗೆ ಏನಾದ್ರೂ ಹೇಳಿಕೊಡು."

ಕೈಗೆ ಸಿಗುವ ಹಾಗೆ! ಆ ಮಾತು ನನ್ನನ್ನು ಕೊನೆಗೆ ಶಿವಗಂಗೆಗೆ ಮುಟ್ಟಿಸಿತು.

ಆಗ ಪ್ರತಿ ವರ್ಷ ಕ್ರಿಸ್‌ಮಸ್ ರಜೆಯಲ್ಲಿ ಶಿವಗಂಗೆ ಬೆಟ್ಟದ ಬುಡದ ಒಂದು ಛತ್ರದಲ್ಲಿ ದೂರದರ್ಶಕ ಮಾಡುವವರ ಕೂಟ ಸೇರುತ್ತಿತ್ತು. ಯಾರೂ ಪ್ರೊಫೆಸರುಗಳಲ್ಲ. ರಿಟೈರಾದ ರೈಲ್ವೆ ಎಂಜಿನಿಯರು, ಹೋಮಿಯೋಪತಿ ಡಾಕ್ಟರು, ಬ್ಯಾಂಕಿನವರು, ಗಡಿಯಾರ ರಿಪೇರಿಯವರು, ಒಬ್ಬಿಬ್ಬರು ಸ್ಕೂಲು ಮೇಷ್ಟ್ರು. ಅಂಗಡಿಯಲ್ಲಿ ಕೊಂಡ ದೂರದರ್ಶಕ ತಂದವರನ್ನು ಮರ್ಯಾದೆಯಾಗಿ ಕಾಫಿ ಕೊಟ್ಟು ಕೂರಿಸುತ್ತಿದ್ದರು, ಅಷ್ಟೆ. ಕೈಯಲ್ಲಿ ಗಾಜು ಉಜ್ಜಿ ಕನ್ನಡಿ ಮಾಡಿದವರದ್ದೇ ಅಲ್ಲಿ ದರ್ಬಾರು. ಆಳೆತ್ತರದ ಕೊಳವೆಗಳನ್ನು ಬೆಡ್‌ಶೀಟಿನಲ್ಲಿ ಸುತ್ತಿ ಹಗ್ಗ ಕಟ್ಟಿ ಬಸ್ಸಿನ ಮೇಲೆ ಹಾಕಿಕೊಂಡು ಬರುತ್ತಿದ್ದರು. ಕಂಡಕ್ಟರ್ ಒಬ್ಬ ನನ್ನೆದುರೇ ಕೇಳಿದ್ದ: "ಸ್ವಾಮೀ, ಸತ್ಯ ಹೇಳಿ, ಒಳಗೆ ಹೆಣ ಗಿಣ ಇಲ್ಲ ತಾನೆ?"

ಆ ಕೂಟದಲ್ಲಿ ಒಂದು ಪದ್ಧತಿ ಇತ್ತು. ವರ್ಷವಿಡೀ ಉಜ್ಜಿದ ಕನ್ನಡಿಯನ್ನು ಮಾಡಿದವರೇ ಪರೀಕ್ಷೆ ಮಾಡುವಂತಿಲ್ಲ. ಛತ್ರದ ಉಗ್ರಾಣದ ಕಿಟಕಿಗಳಿಗೆ ಕಂಬಳಿ ಕಟ್ಟಿ ಹಗಲಲ್ಲೇ ಕತ್ತಲು ಮಾಡುತ್ತಿದ್ದರು. ಒಳಗೆ ರೈಲ್ವೆ ಎಂಜಿನಿಯರ್ ವರದಾಚಾರ್ಯರು, ಜೊತೆಗೆ ಇನ್ನೊಬ್ಬ ಸದಸ್ಯರು. ಸೂಜಿ ಮೊನೆಯಷ್ಟು ತೂತಿನ ಹಿಂದೆ ಒಂದು ದೀಪ. ಅದರ ಬೆಳಕು ಕನ್ನಡಿಗೆ ಬಡಿದು ತಿರುಗಿ ಬಂದು ಸೇರುವ ಜಾಗದಲ್ಲಿ ಒಂದು ಶೇವಿಂಗ್ ಬ್ಲೇಡು. ಬ್ಲೇಡಿನ ಹಿಂದೆ ಕಣ್ಣಿಟ್ಟರೆ, ಬರಿಗಣ್ಣಿಗೆ ನುಣ್ಣಗೆ ಕಾಣುವ ಗಾಜಿನ ಉಬ್ಬು ತಗ್ಗೆಲ್ಲ ಸಂಜೆ ಬಿಸಿಲಿನಲ್ಲಿ ಹೊಲದ ಬದುಗಳು ಕಾಣುವ ಹಾಗೆ ನೆರಳು ಬಿದ್ದು ಎದ್ದು ಕಾಣುತ್ತವೆ. ಮಾಡಿದವರು ಹೊರಗೆ ಜಗಲಿಯ ಮೇಲೆ ಕೂತಿರಬೇಕು. ಕನ್ನಡಿ ಚೆನ್ನಾಗಿದ್ದರೆ ಒಳಗಿನಿಂದ "ಬನ್ನಿ ಒಳಗೆ" ಎಂದು ಕರೆ. ಇಲ್ಲದಿದ್ದರೆ ವರದಾಚಾರ್ಯರೇ ಕನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬರುತ್ತಿದ್ದರು. ಏನೂ ಮಾತಾಡುತ್ತಿರಲಿಲ್ಲ, ಕೊಟ್ಟು ಹೋಗುತ್ತಿದ್ದರು. ಮೀಸೆ ಬೆಳ್ಳಗಾದ ಗಂಡಸರು ಆ ಬಾಗಿಲ ಕಡೆ ನೋಡುತ್ತಾ ಉಗುರು ಕಡಿಯುವುದನ್ನು ನಾನು ಕಂಡಿದ್ದೇನೆ.

ಮೊದಲ ಸಲ ನಾನು ಅಲ್ಲಿಗೆ ಹೋದಾಗ ಶಾರದಮ್ಮನವರೂ ಬಂದಿದ್ದರು. ಬಂದದ್ದು ಬೆಟ್ಟ ಹತ್ತಲು, ನಕ್ಷತ್ರಕ್ಕಲ್ಲ. ಆದರೆ ಗಾಜಿನ ಬಿಲ್ಲೆ ಹಂಚುವ ಹೊತ್ತಿಗೆ ಸರಿಯಾಗಿ ಜಗಲಿಯ ಮೇಲೆ ಕೂತಿದ್ದರು. ಕನ್ನಡಿ ಮಾಡಲು ಬೇಕಾದ ದಪ್ಪ ಗಾಜು ಆಗ ಇಲ್ಲಿ ಸಿಗುತ್ತಿರಲಿಲ್ಲ. ಕೂಟದವರು ಹೊರದೇಶದಿಂದ ತರಿಸಿದ್ದರಲ್ಲಿ ಸ್ಕೂಲಿಗೆ ಕೊಡಲೆಂದು ಉಳಿದದ್ದು ಒಂದೇ ಜೊತೆ, ಆರು ಇಂಚಿನದ್ದು. ದೇವನಹಳ್ಳಿ ಕಡೆಯ ಗಂಡುಮಕ್ಕಳ ಸ್ಕೂಲಿನ ನಂಜುಂಡಯ್ಯ ಮೇಷ್ಟ್ರು ಅದಕ್ಕೆ ಆಗಲೇ ಕೈ ಚಾಚಿದ್ದರು.

"ಅದನ್ನ ನಮ್ಮ ಹುಡುಗೀರಿಗೆ ಕೊಡಿ" ಎಂದುಬಿಟ್ಟರು ಶಾರದಮ್ಮ. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

ನಂಜುಂಡಯ್ಯನವರು ನಕ್ಕರು. "ಅಮ್ಮಾವ್ರೇ, ತಿಂಗಳುಗಟ್ಟಲೆ ಕಲ್ಲು ಅರೆದಂಗೆ ಅರೀಬೇಕು. ಇದು ರಂಗೋಲಿ ಹಾಕಿದಂಗಲ್ಲ."

"ರಂಗೋಲಿ ಹಾಕಿದೀರಾ ಮೇಷ್ಟ್ರೇ ನೀವು?"

"ನಾನ್ಯಾಕೆ ಹಾಕ್ಲಿ?"

"ಮತ್ತೆ ಅದು ಸುಲಭ ಅಂತ ಹೇಗೆ ಗೊತ್ತಾಯ್ತು? ಕೈ ಅಲ್ಲಾಡದೆ ನಿಮ್ಮ ಹುಡುಗ್ರು ಒಂದು ನವಿಲು ಹಾಕಲಿ ನೋಡೋಣ. ಅರೆಯೋದು ಅಂದ್ರಲ್ಲ, ನಮ್ಮ ಮಕ್ಕಳು ಸ್ಕೂಲಿಗೆ ಬರೋ ಮೊದಲು ದಿನಾ ಚಟ್ನಿ ಅರೆದೇ ಬರೋದು."

ಎಲ್ಲರೂ ನಕ್ಕರು, ವರದಾಚಾರ್ಯರೊಬ್ಬರನ್ನು ಬಿಟ್ಟು. ಅವರು ನಗುವ ಜಾತಿಯವರಲ್ಲ. "ಒಂದು ವರ್ಷ" ಎಂದರು. "ಮುಂದಿನ ಕೂಟಕ್ಕೆ ಕನ್ನಡಿ ಪಾಸಾದರೆ ಗಾಜು ನಿಮ್ಮದು, ಇನ್ನೊಂದು ಜೊತೆಯೂ ನಿಮಗೇ. ಪಾಸಾಗದಿದ್ದರೆ ದೇವನಹಳ್ಳಿಗೆ. ಮತ್ತೆ ಇನ್ನೊಂದು. ಗೀರು ಬಿದ್ದ ಗಾಜು ನಾನು ತಗೊಳ್ಳಲ್ಲ. ಗೀರು ಅಂದರೆ ಅಲಕ್ಷ್ಯ."

"ಒಪ್ಪಿದೆ" ಎಂದರು ಶಾರದಮ್ಮ. ಮುಂದಿನ ಕೂಟ ಮುಗಿದ ಮೇಲೆ ಬರುವ ಮಾರ್ಚಿಯಲ್ಲಿ ಅವರ ರಿಟೈರ್‌ಮೆಂಟು. ಉಜ್ಜಲು ಹೊರಟ ಹುಡುಗಿಯರು ಎಸ್.ಎಸ್.ಎಲ್.ಸಿ.ಯವರು, ಅವರೂ ಮಾರ್ಚಿಗೆ ಹೊರಗೆ. ಅಂದರೆ ಯಾರಿಗೂ ಇನ್ನೊಂದು ವರ್ಷ ಇರಲಿಲ್ಲ.

ಅವತ್ತು ಶಾರದಮ್ಮನವರು ಬೆಟ್ಟ ಹತ್ತಿ ಕನ್ನಡಿಗೆಂದೇ ಹರಕೆ ಹೊತ್ತು ಕುಂಕುಮ ತಂದರು. ಇಳಿಯುವಾಗ ಪೊಟ್ಟಣ ಒಡೆದು ಬಂಡೆಯ ಮೇಲೆ ಚೆಲ್ಲಿತು. ಆ ಬಿಸಿಲಲ್ಲಿ ಕೂತು ಒಂದು ಚಿಟಿಕೆಯನ್ನೂ ಬಿಡದೆ ಅಂಗೈಯಿಂದ ಬಳಿದು ಕರ್ಚೀಫಿಗೆ ಕಟ್ಟಿಕೊಂಡರು. ನಾನು ಪಕ್ಕದಲ್ಲೇ ನಿಂತು ಕೊಡೆ ಹಿಡಿದಿದ್ದೆ.

ಕನ್ನಡಿ ಉಜ್ಜುವ ಕೆಲಸ ಹೇಳಲು ಸುಲಭ. ಮರಳು ತುಂಬಿ ಭಾರ ಮಾಡಿದ ಡ್ರಮ್ಮಿನ ಮೇಲೆ ಒಂದು ಗಾಜಿನ ಬಿಲ್ಲೆ. ಅದರ ಮೇಲೆ ಕಾರ್ಬೊರಂಡಂ ಎನ್ನುವ ಗಟ್ಟಿ ಪುಡಿ, ನೀರು, ಮೇಲೆ ಇನ್ನೊಂದು ಬಿಲ್ಲೆ. ಹಿಂದೆ ಮುಂದೆ ತಳ್ಳುತ್ತಾ, ಬಿಲ್ಲೆಯನ್ನು ಒಂದಿಷ್ಟು ತಿರುಗಿಸುತ್ತಾ, ನಾವು ಡ್ರಮ್ಮಿನ ಸುತ್ತ ಹೆಜ್ಜೆ ಹಾಕಬೇಕು. ಹಾಗೆ ಮಾಡುತ್ತಾ ಹೋದರೆ ಮೇಲಿನ ಗಾಜು ತಾನಾಗಿ ತಟ್ಟೆಯ ಹಾಗೆ ಗುಳಿ ಬೀಳುತ್ತದೆ. ಇದು ಹೇಗೆ ಎಂದು ನಾನು ಬ್ಲ್ಯಾಕ್‌ಬೋರ್ಡಿನಲ್ಲಿ ಜಾಮೆಟ್ರಿ ಹಾಕಿ ವಿವರಿಸಿದೆ. ಮಗ್ಗದ ಮನೆಯ ಗೌರಿ ಹೇಳಿದಳು: "ಗೊತ್ತು ಬಿಡಿ ಮಿಸ್. ಒರಳು ಹಳೇದಾದ್ರೆ ಹಂಗೇ ಆಗೋದು." ಡ್ರಮ್ಮಿನ ಸುತ್ತ ಹೋಗುವುದನ್ನು ಅವರು ಮೊದಲ ದಿನದಿಂದ ಪ್ರದಕ್ಷಿಣೆ ಎಂದೇ ಕರೆದರು. "ಮಿಸ್, ನನ್ನ ಪ್ರದಕ್ಷಿಣೆ ಆಯ್ತು, ಮೆಹರ್‌ನ ಕಳಿಸ್ಲಾ?"

ಮೆಹರುನ್ನೀಸಾ ದೇವನಹಳ್ಳಿ ಹತ್ತಿರದ ವಿಜಯಪುರದವಳು. ತಂದೆಗೆ ಅಲ್ಲಿ ರೇಷ್ಮೆ ಹುರಿ ಮಾಡುವ ಕೆಲಸ. ಓದಲೆಂದು ದೊಡ್ಡಬಳ್ಳಾಪುರದಲ್ಲಿ ಖಾಲಾ, ಅಂದರೆ ಚಿಕ್ಕಮ್ಮನ ಮನೆಯಲ್ಲಿ ಇದ್ದಳು. ಬಾಯಿಬಡುಕಿ ಹುಡುಗಿ, ಆದರೆ ಗಾಜಿನ ಮೇಲೆ ಅವಳ ಕೈ ಇದ್ದರೆ ನಾನು ನಿಶ್ಚಿಂತೆಯಾಗಿ ಬೇರೆ ಕ್ಲಾಸಿಗೆ ಹೋಗಬಹುದಿತ್ತು. "ಎಳೆ ಕಡಿಯೋಕೆ ಮುಂಚೆ ಕೈಗೆ ಗೊತ್ತಾಗ್ತದೆ ಮಿಸ್, ಇದೂ ಹಂಗೇ" ಎನ್ನುತ್ತಿದ್ದಳು.

ಮೊದಲು ಬಂದ ಕಷ್ಟ ಬಳೆಯದ್ದು. ಗಾಜಿನ ಬಳೆಯ ಒಂದು ಚೂರು ಬಿದ್ದರೆ ಕನ್ನಡಿಯ ಮೈ ಹಾಳು. ಬಳೆ ತೆಗೆದು ಬನ್ನಿ ಎಂದು ನಾನು ಕಾನ್ವೆಂಟಿನ ಸಿಸ್ಟರ್ ಥರ ಆರ್ಡರ್ ಮಾಡಿದೆ. ಮಾರನೇ ದಿನ ಬೆಳಿಗ್ಗೆ ಗೇಟಿನ ಹತ್ತಿರ ತಾಯಂದಿರ ಗುಂಪು.

"ಹೆಣ್ಣುಮಕ್ಕಳ ಕೈ ಬರಿದು ಮಾಡಿಸ್ತೀರಾ? ನಿಮ್ಮ ಕಾಲೇಜಲ್ಲಿ ಇದೇನಾ ಹೇಳಿಕೊಟ್ಟಿದ್ದು?"

ಅವರು ಕೇಳುತ್ತಿರುವುದು ಏನು ಎಂಬುದೇ ನನಗೆ ಸರಿಯಾಗಿ ತಿಳಿಯಲಿಲ್ಲ. ಶಾರದಮ್ಮನವರು ಹೊರಗೆ ಬಂದು ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡರು. ಆಮೇಲೆ ಅಟೆಂಡರ್ ಮುನಿಯಪ್ಪನನ್ನು ಕರೆದು ನೂಲಿನ ಉಂಡೆ ತರಿಸಿ, ಅರಿಶಿನದಲ್ಲಿ ಅದ್ದಿ, ಒಬ್ಬೊಬ್ಬ ಹುಡುಗಿಯ ಮಣಿಕಟ್ಟಿಗೂ ತಾವೇ ಕಟ್ಟಿದರು. ಮೆಹರ್‌ಗೆ ಅವಳು ಕೇಳಿದಂತೆ ಕಪ್ಪು ದಾರ. "ಈಗ ಬರಿದಲ್ಲವಲ್ಲ?" ಎಂದರು. ತಾಯಂದಿರು ಮುಖ ಮುಖ ನೋಡಿಕೊಂಡು ಹೊರಟುಹೋದರು. ಅವತ್ತಿನಿಂದ ದಿನಾ ಸಂಜೆ ಹುಡುಗಿಯರ ಬಳೆಗಳೆಲ್ಲ ಶಾರದಮ್ಮನವರ ಟೇಬಲಿನ ಡ್ರಾದೊಳಗೆ. ಕೆಲಸ ಮುಗಿಯುವವರೆಗೆ ಬೀಗ. ಕೀಲಿ ಅವರ ಸೊಂಟದಲ್ಲಿ. ಟೀಚರ್ ಆಗುವವರು ಇದನ್ನು ನೋಡಿ ಕಲಿಯಬೇಕು. ಬಿ.ಎಡ್.ನಲ್ಲಿ ಇದಕ್ಕೆ ಚಾಪ್ಟರ್ ಇಲ್ಲ.

ಬ್ಲಂಡರುಗಳು ಎಷ್ಟೋ. ಕೊನೆಯ ಹಂತದಲ್ಲಿ ಪಿಚ್ ಎನ್ನುವ ರಾಳದಂಥ ಕಪ್ಪು ಅಂಟನ್ನು ಕರಗಿಸಿ ಕೆಳಗಿನ ಬಿಲ್ಲೆಗೆ ಹೊಯ್ದು ಅದರ ಮೇಲೆ ಪಾಲಿಶ್ ಮಾಡಬೇಕು. ನಾನು ಅದನ್ನು ಅತಿಯಾಗಿ ಕಾಯಿಸಿ, ಹೊಗೆ ಎದ್ದು, ಪಕ್ಕದ ಮಗ್ಗದವರು ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡಿಬಂದರು. ನನ್ನ ನೈಸ್ ಕ್ರೀಮ್ ಕಲರ್ ಸೀರೆಯ ಮೇಲೆ ಅವತ್ತು ಬಿದ್ದ ಪಿಚ್ ಆ ಸೀರೆ ಇರುವ ತನಕ ಇತ್ತು. ಪಾಲಿಶ್ ಮಾಡುವ ಪುಡಿಗೆ ರೂಜ್ ಎನ್ನುತ್ತಾರೆ. ಅಕ್ಕಸಾಲಿಗರು ಚಿನ್ನಕ್ಕೆ ಹೊಳಪು ಕೊಡುವ ಕೆಂಪು ಪುಡಿ ಅದೇ. ಹುಡುಗಿಯರ ಕೈ, ಲಂಗ, ಪುಸ್ತಕ ಎಲ್ಲ ಕೆಂಪು. ಊರಲ್ಲಿ ನಮ್ಮ ಹುಡುಗಿಯರನ್ನು ಅಂಗೈ ನೋಡಿಯೇ ಗುರುತಿಸುತ್ತಿದ್ದರು.

ಸಂತೋಷವೂ ಇತ್ತು. ಲ್ಯಾಬಿನ ಕಿಟಕಿಗೆ ಕರಿ ಬಟ್ಟೆ ಕಟ್ಟಿ ನಾವೇ ಬ್ಲೇಡಿನ ಪರೀಕ್ಷೆ ನಡೆಸಿದ ದಿನ, ಗೌರಿ ಕಣ್ಣಿಟ್ಟು ನೋಡುತ್ತಿರುವಾಗ ಮೆಹರ್ ಕನ್ನಡಿಯ ಮುಂದೆ ತನ್ನ ಅಂಗೈ ಹಿಡಿದಳು. ಗೌರಿ ಚೀರಿದಳು. "ಲೇ ಮೆಹರ್, ನಿನ್ನ ಕೈಗೆ ಬೆಂಕಿ ಹತ್ತಿಕೊಂಡಿದೆ ಕಣೇ!" ಬೆಂಕಿಯಲ್ಲ. ಮೈಯ ಬಿಸಿಗೆ ಗಾಳಿ ಏಳುವುದು ಆ ಪರೀಕ್ಷೆಯಲ್ಲಿ ಹೊಗೆಯಂತೆ ಕಾಣುತ್ತದೆ. ಎಲ್ಲರೂ ಸರದಿಯಲ್ಲಿ ಕೈ ಹಿಡಿದು ಎಲ್ಲರ ಹೊಗೆ ನೋಡಿದರು. ಗೌರಿ ತೀರ್ಪು ಕೊಟ್ಟಳು: "ಮಿಸ್ ಕೈದು ಕಮ್ಮಿ. ಮಿಸ್ ತಣ್ಣಗಿದಾರೆ."

ಆಯುಧಪೂಜೆ ಬರುವ ಹೊತ್ತಿಗೆ ಕನ್ನಡಿ ಹೊಳಪು ಬಂದು ಆಕಾರ ತಿದ್ದುವ ಕೆಲಸವಷ್ಟೇ ಬಾಕಿ ಇತ್ತು. ಅವತ್ತು ಲ್ಯಾಬಿನ ತಕ್ಕಡಿ, ಸ್ಪಿರಿಟ್ ಲ್ಯಾಂಪು, ಮುನಿಯಪ್ಪನ ಸೈಕಲ್ಲು ಎಲ್ಲಕ್ಕೂ ಪೂಜೆ. ಶಾರದಮ್ಮನವರು ಸ್ನಾನ ಮಾಡಿ ಮಡಿಯಲ್ಲಿ ಬಂದು, ಶಿವಗಂಗೆಯಿಂದ ತಂದು ಜೋಪಾನ ಮಾಡಿದ್ದ ಆ ಕರ್ಚೀಫಿನ ಗಂಟು ಬಿಚ್ಚಿ, ಕನ್ನಡಿಯ ನಟ್ಟ ನಡುವೆ ಒಂದು ಬೊಟ್ಟಿಟ್ಟರು. ಕಣ್ಣು ಮುಚ್ಚಿ ಕೈ ಮುಗಿದರು. ತಡೆಯಲೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಆದರೆ ಆ ಮುಖ ನೋಡಿದವರು ಯಾರು ಬೇಡ ಎಂದಾರು? ಅವರು ಹೋದ ಮೇಲೆ ನೀರಿನಲ್ಲಿ, ಹತ್ತಿಯಲ್ಲಿ ಮತ್ತೆ ಮತ್ತೆ ಒರೆಸಿ ತೆಗೆದೆವು. ಹೋಯಿತು ಎಂದುಕೊಂಡೆವು.

ರಜೆ ಮುಗಿದು ಮೊದಲ ಸಂಜೆ ಮೆಹರ್ ಕನ್ನಡಿಯನ್ನು ಪಿಚ್ಚಿನ ಮೇಲೆ ಇಟ್ಟು ಒಂದೇ ಸಲ ತಳ್ಳಿದಳು. ಕಿರ್ರ್. ಕೈ ಅಲ್ಲೇ ನಿಂತಿತು. ಎತ್ತಿ ನೋಡಿದರೆ ಹೊಳೆಯುವ ಗಾಜಿನ ನಡುವೆ ಉಗುರಿನುದ್ದದ ಒಂದು ಗೀರು. ಪಿಚ್ಚಿನೊಳಗೆ ಸಿಕ್ಕಿಕೊಂಡ ಸಾಸಿವೆಗಿಂತ ಸಣ್ಣ ಕಣವೊಂದನ್ನು ಗೌರಿ ಸೂಜಿಯಿಂದ ಎತ್ತಿ ಕಾಗದದ ಮೇಲಿಟ್ಟಳು. ಅದರ ಒಂದು ಮಗ್ಗುಲು ಇನ್ನೂ ಕುಂಕುಮದ ಕೆಂಪು, ಇನ್ನೊಂದು ಮಗ್ಗುಲು ಬಂಡೆಯ ಬೂದಿ ಬಣ್ಣ. ಬಂಡೆಯಿಂದ ಬಳಿದಾಗ ಶಿವಗಂಗೆ ಬೆಟ್ಟದ ಚೂರೊಂದು ಕುಂಕುಮದ ಜೊತೆಯೇ ಬಂದಿತ್ತು.

"ಅಮ್ಮಾವ್ರಿಗೆ ಹೇಳೋದಾ ಮಿಸ್?" ಎಂದಳು ಗೌರಿ.

"ಹುಚ್ಚೀನಾ?" ಎಂದಳು ಮೆಹರ್. "ಹರಕೆ ಹೊತ್ತು ತಂದಿದ್ದು. ಗೊತ್ತಾದ್ರೆ ಅವರು ಊಟ ಬಿಡ್ತಾರೆ."

ಹೇಳಲಿಲ್ಲ. ಗೀರು ತೆಗೆಯಬೇಕಾದರೆ ಮತ್ತೆ ಸಣ್ಣ ಪುಡಿಯಲ್ಲಿ ಉಜ್ಜಬೇಕು, ಆ ಪುಡಿ ಮುಗಿದುಹೋಗಿತ್ತು. ಬೊಂಬಾಯಿಯಿಂದ ತರಿಸಿ, ಉಜ್ಜಿ, ಮತ್ತೆ ಪಾಲಿಶ್ ಮಾಡುವಷ್ಟರಲ್ಲಿ ಕೂಟವೇ ಮುಗಿದಿರುತ್ತಿತ್ತು. ವರದಾಚಾರ್ಯರ ಮಾತು ಎಲ್ಲರಿಗೂ ನೆನಪಿತ್ತು. ಗೀರು ಇದ್ದರೆ ಇಲ್ಲ. ಆದರೂ ಹುಡುಗಿಯರು ಬಿಡಲಿಲ್ಲ. "ಆಕಾರ ಆದ್ರೂ ಸರಿ ಮಾಡೋಣ ಮಿಸ್, ಬರೋದು ಬರಲಿ." ಶಾರದಮ್ಮನವರು ನೋಡಲು ಬಂದಾಗ ಯಾರಾದರೂ ಕನ್ನಡಿಯ ಮೇಲೆ ಬಟ್ಟೆ ಎಳೆಯುತ್ತಿದ್ದರು. "ಧೂಳು ಮೇಡಂ, ಧೂಳು."

ಅಷ್ಟರಲ್ಲಿ ಕೊಳವೆಯ ಕೆಲಸವೂ ನಡೆದಿತ್ತು. ಗೌರಿಯ ತಂದೆ ಮಗ್ಗದ ನೂಲಿಗೆ ಹಾಕುವ ಗಂಜಿಯನ್ನೇ ಕೊಟ್ಟರು. ಅದನ್ನು ಬಳಿದು ದಪ್ಪ ಕಾಗದ ಸುತ್ತಿ ಸುತ್ತಿ ಮರದಷ್ಟು ಗಟ್ಟಿಯಾದ ಕೊಳವೆ ಮಾಡಿದೆವು. ದೊಡ್ಡ ಕನ್ನಡಿ ಕೊಳವೆಯ ತಳದಲ್ಲಿ. ಮೇಲೆ ಬಾಯಿಯ ಹತ್ತಿರ, ಬೆಳಕನ್ನು ಪಕ್ಕಕ್ಕೆ ತಿರುಗಿಸಿ ಕಣ್ಣಿಗೆ ಕೊಡುವ ಒಂದು ಪುಟ್ಟ ಕನ್ನಡಿ. ಗೌರಿ ಆ ಪುಟ್ಟದನ್ನು ಕೂರಿಸಿ, ಸರಿಯಾಗಿದೆಯೇ ನೋಡಲು ಕಿಟಕಿಯಿಂದ ಬರುವ ಬಿಸಿಲಿಗೆ ಕೊಳವೆಯ ಬಾಯಿ ತಿರುಗಿಸಿದಳು. ತಳದಲ್ಲಿ ದೊಡ್ಡ ಗಾಜಿನ ಬದಲಿಗೆ ಅದೇ ಅಳತೆಯ ರಟ್ಟು ಇಟ್ಟಿದ್ದೆವು, ಗೀರಿನ ಜಾಗವನ್ನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿ.

"ಮಿಸ್! ಗೀರು ಎಲ್ಲಿ?"

ಬಗ್ಗಿ ನೋಡಿದೆ. ಪುಟ್ಟ ಕನ್ನಡಿಯ ದುಂಡನೆಯ ನೆರಳು ತಳದ ನಡುವೆ ಬಿದ್ದಿತ್ತು. ಪೆನ್ಸಿಲ್ ಗುರುತು ಪೂರ್ತಿ ಅದರ ಒಳಗೆ. ಅಂದರೆ ಆ ಜಾಗಕ್ಕೆ ನಕ್ಷತ್ರದ ಬೆಳಕು ಬೀಳುವುದೇ ಇಲ್ಲ. ಗಾಜಿನ ಆ ಭಾಗ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆ ಡಯಾಗ್ರಾಮನ್ನು ನಾನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೆನೋ!

"ಅಮ್ಮಾವ್ರು ಬೊಟ್ಟನ್ನ ಕರೆಕ್ಟಾಗಿ ನಡುವೆ ಇಟ್ಟಿದ್ದಕ್ಕೆ ಬಚಾವ್" ಎಂದಳು ಮೆಹರ್. "ಅಂಚಿಗೆ ಇಟ್ಟಿದ್ರೆ ಖತಮ್."

ದೂರದರ್ಶಕಕ್ಕೆ ತೊಂದರೆ ಇಲ್ಲ ಎಂದಾಯಿತು. ವರದಾಚಾರ್ಯರಿಗೆ ಅದನ್ನು ಹೇಳುವುದು ಹೇಗೆ? ಕುಂಕುಮದ ಮಾತೆತ್ತದೆ, ಶಾರದಮ್ಮನವರ ಎದುರೇ?

ಡಿಸೆಂಬರಿನಲ್ಲಿ ಶಿವಗಂಗೆಗೆ ಹೋಗುವ ಬಸ್ಸಿನಲ್ಲಿ ಕನ್ನಡಿ ಮೆಹರ್‌ಳ ತೊಡೆಯ ಮೇಲಿತ್ತು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಹಸುಗೂಸಿನ ಹಾಗೆ ಹಿಡಿದಿದ್ದಳು. ಯಾರೋ ಅಜ್ಜಿ "ಎಷ್ಟು ತಿಂಗಳಾಯ್ತವ್ವಾ?" ಎಂದು ಕೇಳಿದರೆ, "ಏಳು ತಿಂಗಳು ಅಜ್ಜೀ, ಇನ್ನೂ ಕಣ್ಣು ಬಿಟ್ಟಿಲ್ಲ" ಎಂದಳು ಆ ಪೋಲಿ ಹುಡುಗಿ.

ಉಗ್ರಾಣದ ಒಳಗೆ ವರದಾಚಾರ್ಯರ ಜೊತೆ ಆ ಸಲ ಕೂತವರು ನಂಜುಂಡಯ್ಯ ಮೇಷ್ಟ್ರು. ಕನ್ನಡಿ ಪಾಸಾಗದಿದ್ದರೆ ಗಾಜು ಹೋಗುವುದು ಅವರ ಸ್ಕೂಲಿಗೇ. ಹುಡುಗಿಯರ ಮುಖ ಸಣ್ಣಗಾಯಿತು. ಶಾರದಮ್ಮನವರು ಜಗಲಿಯ ನಡುವೆ ಕಾಲು ಮಡಿಸಿ ಕೂತು ಯಾವುದೋ ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ಬೇರೆ ಕನ್ನಡಿಗಳಿಗೆ ಕರೆ ಬೇಗ ಬೇಗ ಬರುತ್ತಿತ್ತು. ನಮ್ಮದು ಒಳಗೆ ಹೋಗಿ ಬಹಳ ಹೊತ್ತಾಯಿತು. ಒಳಗೆ ಪಿಸುಮಾತು.

ಬಾಗಿಲು ತೆರೆಯಿತು. ವರದಾಚಾರ್ಯರು. ಎರಡೂ ಕೈಯಲ್ಲಿ ನಮ್ಮ ಕನ್ನಡಿ.

ಗೌರಿ ನನ್ನ ಸೆರಗು ಹಿಡಿದುಕೊಂಡಳು. ವರದಾ‌ಚಾರ್ಯರು ಕೊಟ್ಟು ಹೋಗಬೇಕಿತ್ತು, ಅದೇ ಪದ್ಧತಿ. ಹೋಗಲಿಲ್ಲ. ಹೊಸ್ತಿಲಲ್ಲೇ ನಿಂತು ಕೇಳಿದರು: "ಈ ಗೀರು ಯಾರದು?"

ಶಾರದಮ್ಮನವರ ಸ್ತೋತ್ರ ನಿಂತಿತು. "ಗೀರಾ? ಯಾವ ಗೀರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಮೆಹರ್ ಎದ್ದು ನಿಂತಿದ್ದಳು. "ನಂದು ಸಾರ್. ನನ್ನ ಬಳೆ ಒಡೆದು ಬಿತ್ತು."

"ಬಳೆ ಹಾಕಿಕೊಂಡು ಪಾಲಿಶ್ ಮಾಡಿದೆಯಾ?"

"ಹೂಂ ಸಾರ್. ತಪ್ಪಾಯ್ತು."

ಶಾರದಮ್ಮನವರು ನಿಧಾನವಾಗಿ ಅವಳ ಕಡೆ ತಿರುಗಿದರು. "ಯಾವ ಬಳೆಯೇ ಅದು?"

ಮೆಹರ್ ಮಣಿಕಟ್ಟಿನ ಕಪ್ಪು ದಾರವನ್ನು ತಿರುವತೊಡಗಿದಳು.

"ನಿನ್ನ ಬಳೆ ದಿನಾ ನನ್ನ ಡ್ರಾದಲ್ಲಿ ಇರ್ತಿತ್ತು. ಬೀಗದ ಕೈ ಇಲ್ಲಿ." ಸೊಂಟ ತಟ್ಟಿಕೊಂಡರು. "ಒಂದು ದಿನಾನೂ ತಪ್ಪಿಲ್ಲ. ಸುಳ್ಳು ಯಾಕೆ ಹೇಳ್ತಿದೀಯ?" ಹುಡುಗಿಯರೆಲ್ಲ ತಲೆ ತಗ್ಗಿಸಿದ್ದರು. ಅವರು ಒಬ್ಬೊಬ್ಬರನ್ನೇ ನೋಡಿ ಕೊನೆಗೆ ನನ್ನ ಮೇಲೆ ಕಣ್ಣು ನಿಲ್ಲಿಸಿದರು. ನಾನು ಬೆಟ್ಟದ ಕಡೆ ನೋಡಿದೆ. ಅಷ್ಟೇ ಸಾಕಾಯಿತು ಅವರಿಗೆ. ಕೈ ತಾನಾಗಿ ಹಣೆಯ ಕುಂಕುಮಕ್ಕೆ ಹೋಯಿತು.

"ಅಯ್ಯೋ ನನ್ನ ಮಕ್ಕಳಾ" ಎಂದರು. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾವು ಯಾರೂ ಕೇಳಿರಲಿಲ್ಲ. ಎದ್ದು ವರದಾಚಾರ್ಯರ ಎದುರು ಹೋಗಿ ನಿಂತರು. "ಅದು ನಂದು ಸ್ವಾಮಿ. ಆಯುಧಪೂಜೆ ದಿನ ನಾನೇ ಕುಂಕುಮ ಇಟ್ಟೆ. ಬಂಡೆ ಮೇಲಿಂದ ಬಳಿದ ಕುಂಕುಮ. ಹುಡುಗೀರು ಅಲಕ್ಷ್ಯ ಮಾಡಿಲ್ಲ. ಮಾಡಿದೋಳು ನಾನು."

ವರದಾಚಾರ್ಯರು ಕನ್ನಡಕ ಮೇಲಕ್ಕೆ ಸರಿಸಿದರು. "ಕುಂಕುಮ ಎಲ್ಲಿಟ್ಟಿರಿ?"

"ನಡುವೆ."

"ಅಳತೆ ಮಾಡಿ ಇಟ್ಟಿರಾ?"

ಶಾರದಮ್ಮನವರಿಗೆ ಆ ದುಃಖದಲ್ಲೂ ರೇಗಿತು. "ಬೊಟ್ಟಿಡೋಕೆ ಯಾರಾದ್ರೂ ಅಳತೆ ಮಾಡ್ತಾರೇನ್ರೀ? ನಡು ಅಂದ್ರೆ ನಡು."

ವರದಾಚಾರ್ಯರು ತಿರುಗಿ ಒಳಗೆ ಹೋದರು. ಬಾಗಿಲು ಮುಚ್ಚಲಿಲ್ಲ. ಒಳಗೆ ಡಿವೈಡರ್ ತೆರೆದು ಅಂಚಿನಿಂದ ಅಳೆಯುವುದು ಅರೆಗತ್ತಲಲ್ಲಿ ಕಾಣುತ್ತಿತ್ತು. ಒಂದು ಕಡೆಯಿಂದ, ಮತ್ತೊಂದು ಕಡೆಯಿಂದ, ಮತ್ತೆ ಅಡ್ಡಕ್ಕೆ. ನಂಜುಂಡಯ್ಯನವರು ದೀಪ ಹಿಡಿದಿದ್ದರು.

"ಆಚಾರ್ರೇ, ಸುಮ್ನೆ ಯಾಕೆ ಹುಡುಗೀರ್ನ ಸಾಯಿಸ್ತೀರಾ?" ಎಂಬ ಅವರ ದನಿ ಹೊರಗೆ ಬಂತು. "ಆಕಾರಕ್ಕೆ ಹೆಸರಿಡೋ ಹಾಗಿಲ್ಲ. ನನ್ನ ಹುಡುಗ್ರು ಏಳು ಜನ್ಮ ಎತ್ತಿದ್ರೂ ಇಂಥ ಅಂಚು ಬರಲ್ಲ. ಗೀರು ನೆರಳಲ್ಲಿ ಹೋಗತ್ತೆ, ನಿಮಗೂ ಗೊತ್ತು."

ಆಮೇಲೆ ವರದಾಚಾರ್ಯರ ದನಿ.

"ಬನ್ನಿ ಒಳಗೆ."

ಹುಡುಗಿಯರು ಹೊಸ್ತಿಲು ಎಡವಿ ಒಬ್ಬರ ಮೇಲೊಬ್ಬರು ಬಿದ್ದು ಒಳಗೆ ಹೋದರು. ಮೆಹರ್ ಮಾತ್ರ ಅಲ್ಲೇ ನಿಂತಿದ್ದಳು. ಶಾರದಮ್ಮನವರು ಅವಳ ಕಿವಿ ಹಿಡಿದರು. "ಇನ್ನೊಂದು ಸಲ ನನಗೋಸ್ಕರ ಸುಳ್ಳು ಹೇಳಿದ್ರೆ ಕಾಲು ಮುರೀತೀನಿ" ಎಂದವರು, ಅದೇ ಕೈಯಲ್ಲಿ ಅವಳ ತಲೆ ಸವರಿ ಒಳಗೆ ಕರೆದುಕೊಂಡು ಹೋದರು.

ಆ ಮಧ್ಯಾಹ್ನ ಕನ್ನಡಿಗೆ ಬೆಳ್ಳಿಯ ಲೇಪ ಕೊಟ್ಟೆವು. ತಟ್ಟೆಯ ದ್ರಾವಣ ಕಪ್ಪಗಾಗಿ, ಕಂದಾಗಿ, ಗಾಜಿನ ಮೇಲೆ ಬೆಳ್ಳಿ ಕೂರುವುದನ್ನು ಹುಡುಗಿಯರು ಸುತ್ತ ನಿಂತು ನೋಡಿದರು. ಬೆಳ್ಳಿ ಕೂತ ಮೇಲೆ ಎಲ್ಲರಿಗೂ ತಲೆನೋವಾಗುವ ಕೆಲಸವೊಂದು ಬಾಕಿ. ದೊಡ್ಡ ಕನ್ನಡಿಯ ನಡು, ಪುಟ್ಟ ಕನ್ನಡಿಯ ನಡು, ನೋಡುವ ಕಣ್ಣು, ಮೂರೂ ಒಂದು ದಾರಿಯಲ್ಲಿ ಬರಬೇಕು. ಹೊಳೆಯುವ ಗಾಜಿನಲ್ಲಿ ನಡು ಯಾವುದು ಎಂದು ಕಣ್ಣಿಗೆ ಹೇಗೆ ತಿಳಿಯಬೇಕು? ಗಂಡಸರೆಲ್ಲ ಅಂದಾಜಿನ ಮೇಲೆ ಸ್ಕ್ರೂ ತಿರುಗಿಸುತ್ತಾ, ಬೈದುಕೊಳ್ಳುತ್ತಾ, ಸೂರ್ಯ ಮುಳುಗುವವರೆಗೆ ಅಲ್ಲೇ ಇರುತ್ತಿದ್ದರು. ವರದಾಚಾರ್ಯರು ನಮ್ಮ ಕೊಳವೆಯೊಳಗೆ ಇಣುಕಿದರು. ಬೆಳ್ಳಿಯ ಕೆಳಗೂ ಆ ಗೀರು ಎಳೆಯಾಗಿ ಕಾಣುತ್ತಿತ್ತು.

"ಅಮ್ಮಾ, ನಡು ಎಲ್ಲಿ ಅಂತ ಹುಡುಕೋದರಲ್ಲೇ ನನ್ನ ಅರ್ಧ ಆಯುಸ್ಸು ಹೋಯ್ತು. ನೀವು ಕಣ್ಣಳತೆಯಲ್ಲಿ ಇಟ್ಟುಬಿಟ್ಟಿದೀರಿ. ಆದರೆ ಗೀರು ಉದ್ದ ಇದೆ, ಗುರಿ ಹಿಡಿಯೋಕೆ ಚುಕ್ಕೆ ಬೇಕು. ಅದೇ ಜಾಗದಲ್ಲಿ ನೀವೇ ಇಡಿ." ಕೊಳವೆಯಿಂದ ತಲೆ ಎತ್ತಿದರು. "ದಯವಿಟ್ಟು ಕುಂಕುಮ ಬೇಡ."

ಅದು ಅವರು ಆಡಿದ ಜೋಕು ಎಂದು ಅರ್ಥವಾಗಲು ನಮಗೆ ಹೊತ್ತು ಹಿಡಿಯಿತು.

"ಮತ್ತೆ ಯಾವುದರಲ್ಲಿ ಇಡಲಿ?" ಎಂದು ಶಾರದಮ್ಮನವರು ಸುತ್ತ ನೋಡಿದರು. ಕಣ್ಣು ನನ್ನ ಉಗುರುಗಳ ಮೇಲೆ ನಿಂತಿತು. "ವತ್ಸಲಾ, ಆ ನಿನ್ನ ಕಿಟಕಿ ಪೇಂಟು ತಂದಿದೀಯಾ?"

ತಂದಿದ್ದೆ, ಆಫ್ ಕೋರ್ಸ್. ನಂಜುಂಡಯ್ಯನವರು ಕಡ್ಡಿಪೆಟ್ಟಿಗೆಯಿಂದ ಒಂದು ಕಡ್ಡಿ ಕೊಟ್ಟರು. ಅದರ ತುದಿಯನ್ನು ನನ್ನ ನೈಲ್ ಪಾಲಿಶ್ ಬಾಟಲಿಯಲ್ಲಿ ಅದ್ದಿ, ಉಸಿರು ಹಿಡಿದು, ಶಾರದಮ್ಮನವರು ಕೊಳವೆಯಿಂದ ಹೊರತೆಗೆದ ಕನ್ನಡಿಯ ನಡುವೆ ಒಂದು ಕೆಂಪು ಚುಕ್ಕೆ ಇಟ್ಟರು. ವರದಾಚಾರ್ಯರು ಮತ್ತೆ ಡಿವೈಡರ್ ಹಿಡಿದರು. ಅಳೆದು ನೋಡಿ ಡಿವೈಡರ್ ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ಉಳಿದವರು ಇನ್ನೂ ಸ್ಕ್ರೂ ತಿರುಗಿಸುತ್ತಿರುವಾಗಲೇ, ಪಶ್ಚಿಮದಲ್ಲಿ ಕೆಂಪು ಆರುವ ಮೊದಲೇ, ನಮ್ಮ ದೂರದರ್ಶಕ ಚಂದ್ರನ ಕಡೆ ತಿರುಗಿತ್ತು. ಮೊದಲು ಶಾರದಮ್ಮನವರನ್ನು ಕರೆದೆವು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ.

"ಏನೇ ಇದು" ಎಂದರು ಕೊನೆಗೆ, ಕಣ್ಣು ತೆಗೆಯದೆ. "ಪಾಪ, ಸಿಡುಬು ಎದ್ದು ಹೋದ ಮುಖದ ಹಾಗಿದೆ. ಆದ್ರೂ ಎಷ್ಟು ಲಕ್ಷಣವಾಗಿದಾನೆ."

ಮಾರ್ಚಿಯಲ್ಲಿ ಅವರು ರಿಟೈರಾದರು. ಎರಡನೆಯ ಜೊತೆ ಗಾಜು ಸ್ಕೂಲಿಗೆ ಬಂತು, ಅದನ್ನು ಮುಂದಿನ ತಂಡದವರು ಉಜ್ಜಿದರು. ಗೌರಿಗೆ ಆ ಬೇಸಿಗೆಯಲ್ಲೇ ಮದುವೆಯಾಯಿತು. ಮೆಹರ್ ಮುಂದೆ ಓದಿ ವಿಜಯಪುರದಲ್ಲಿ ಟೀಚರ್ ಆದಳು, ಎಪ್ಪತ್ತರ ದಶಕದಲ್ಲಿ ತನ್ನ ಸ್ಕೂಲಿನ ಮಕ್ಕಳನ್ನೂ ಕೂಟಕ್ಕೆ ಕರೆತಂದಳು. ಮಣಿಕಟ್ಟಿಗೆ ದಾರ ಕಟ್ಟುವುದನ್ನು ಅವಳೂ ಬಿಟ್ಟಿರಲಿಲ್ಲ. ಆಮೇಲೆ ಮೆಥಡ್ಡುಗಳು ಬದಲಾದವು. ಬೆಳ್ಳಿಯ ಬದಲು ಬೆಂಗಳೂರಿನಲ್ಲಿ ಮೆಷಿನ್ನಿನೊಳಗೆ ಅಲ್ಯುಮಿನಿಯಂ ಲೇಪ ಬಂತು. ಪಿಚ್ ಕರಗಿಸಲು ಥರ್ಮಾಮೀಟರ್ ಬಂತು. ಆದರೆ ಶಿವಗಂಗೆಯ ಕೂಟದಲ್ಲಿ ಅವತ್ತಿನ ನಂತರ ಬೊಟ್ಟಿಲ್ಲದ ಕನ್ನಡಿಯನ್ನು ನಾನು ಕಾಣಲಿಲ್ಲ. ವರದಾಚಾರ್ಯರು ತಮ್ಮ ಪೆಟ್ಟಿಗೆಯಲ್ಲಿ ಒಂದು ಕೆಂಪು ನೈಲ್ ಪಾಲಿಶ್ ಇಟ್ಟುಕೊಂಡೇ ತಿರುಗಿದರು. ಅದನ್ನು ಕೊಳ್ಳಲು ಚಿಕ್ಕಪೇಟೆಯ ಅಂಗಡಿಗೆ ಹೇಗೆ ಹೋದರು, ಏನೆಂದು ಕೇಳಿದರು ಎಂದು ಯೋಚಿಸಿದರೆ ಈಗಲೂ ನಗು ಬರುತ್ತದೆ.

ಇತ್ತೀಚೆಗೆ ನೆಲಮಂಗಲದ ಕಡೆ ಹುಡುಗರು ಅಂಥದ್ದೇ ಒಂದು ಕೂಟ ಮಾಡಿ ನನ್ನನ್ನೂ ಕರೆದಿದ್ದರು. ಕಂಪ್ಯೂಟರಿನ ಮಾತು ಕೇಳಿ ತಾನೇ ತಿರುಗುವ ದೂರದರ್ಶಕಗಳು. ಒಬ್ಬ ಹುಡುಗ ಕೊಳವೆಯ ಬಾಯಿ ತೆರೆದು ತೋರಿಸಿದ. ಕನ್ನಡಿಯ ನಟ್ಟ ನಡುವೆ ಬಿಳಿ ಕಾಗದದ ಪುಟ್ಟ ಉಂಗುರ ಅಂಟಿಸಿತ್ತು.

"ಇದೇನಪ್ಪಾ?" ಎಂದೆ.

"ಸೆಂಟರ್ ಮಾರ್ಕ್ ಆಂಟಿ. ಅಲೈನ್ ಮಾಡೋಕೆ. ಈಗ ಎಲ್ಲರೂ ಹಾಕ್ತಾರೆ, ಫಾರಿನ್ನವರ ಟೆಕ್ನಿಕ್."

ಇರಬಹುದು. ಅವರೂ ತಾವಾಗಿಯೇ ಕಂಡುಕೊಂಡಿರಬಹುದು. ನಾನು ವಾದಕ್ಕೆ ಹೋಗಲಿಲ್ಲ. ಬಗ್ಗಿ ಆ ಕನ್ನಡಿಯೊಳಗೆ ನೋಡಿದೆ. ಉಂಗುರದ ಸುತ್ತ ನನ್ನದೇ ಬೆಳ್ಳಗಿನ ತಲೆ, ನಡುವೆ ಖಾಲಿ.

"ಮುಂದಿನ ಸಲ ಕೆಂಪು ಹಾಕಪ್ಪಾ" ಎಂದೆ.